ಪ್ರಾಂತ್ಯದ ವಕೀಲ, ದೇಶದ ಚಾನ್ಸಲರ್: ಒಟ್ಟೊ ಎಂಡರ್ ಯಾರ ಪರ ವಾದಿಸಿದ?

ಪ್ರಶ್ನೆ: 1931ರ ಬ್ಯಾಂಕ್ ಕುಸಿತಗಳ ಬಗ್ಗೆ ಓದುವಾಗ ಆಗಿನ ಆಸ್ಟ್ರಿಯದ ಚಾನ್ಸಲರ್ ಒಟ್ಟೊ ಎಂಡರ್ ಎಂಬ ವಕೀಲನ ಹೆಸರು ಸಿಕ್ಕಿತು. ಒಂದು ಕಡೆ ಅವನನ್ನು ಪ್ರಾಂತ್ಯಗಳ ಹಕ್ಕಿಗಾಗಿ ಹೋರಾಡಿದ ಒಕ್ಕೂಟವಾದಿ ಎಂದು ಹೊಗಳಿದ್ದಾರೆ. ಇನ್ನೊಂದು ಕಡೆ 1934ರ ಸರ್ವಾಧಿಕಾರಿ ಸಂವಿಧಾನವನ್ನು ರಚಿಸಿದವನು ಎಂದಿದೆ. ಇಬ್ಬರೂ ಒಬ್ಬನೇ? ಹಾಗಿದ್ದರೆ ನಡುವೆ ಆ ಮನುಷ್ಯ ಬದಲಾದದ್ದು ಯಾವಾಗ? ಆ ಸಂವಿಧಾನ ಕೊನೆಗೆ ಏನಾಯಿತು?

ಉತ್ತರ: ಇಬ್ಬರೂ ಒಬ್ಬನೇ. ಯಾವಾಗ ಬದಲಾದ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ಮಾತ್ರ ನೇರ ಉತ್ತರವಿಲ್ಲ, ಏಕೆಂದರೆ ಅವನು ಅಷ್ಟೇನೂ ಬದಲಾಗಲಿಲ್ಲ ಎಂಬುದು ನನ್ನ ಅಭಿಪ್ರಾಯ. ಒಕ್ಕೂಟವಾದಿ ಎಂದ ಕೂಡಲೇ ಪ್ರಜಾಪ್ರಭುತ್ವವಾದಿಯೂ ಇರಬೇಕು ಎಂದು ನಾವೇ ಊಹಿಸಿಕೊಳ್ಳುತ್ತೇವೆ. ಎಂಡರ್‌ಗೆ ಅವು ಎರಡು ಬೇರೆ ಬೇರೆ ಸಂಗತಿಗಳಾಗಿದ್ದವು. ಅವನ ಊರು, ವೃತ್ತಿ ಮತ್ತು 1918ರ ಚಳಿಗಾಲವನ್ನು ನೋಡದೆ ಇದು ಅರ್ಥವಾಗುವುದಿಲ್ಲ. ಹಾಗಾಗಿ ಅಲ್ಲಿಂದಲೇ ಶುರುಮಾಡುತ್ತೇನೆ.

ಆಸ್ಟ್ರಿಯದ ನಕ್ಷೆಯಲ್ಲಿ ಪಶ್ಚಿಮದ ತುತ್ತತುದಿಯಲ್ಲಿರುವ ಪ್ರಾಂತ್ಯ ಫೋರಾರ್ಲ್‌ಬರ್ಗ್. ವಿಸ್ತೀರ್ಣ ಸುಮಾರು 2,600 ಚದರ ಕಿಲೋಮೀಟರ್. ಒಂದು ಬದಿಗೆ ಕಾನ್‌ಸ್ಟನ್ಸ್ ಸರೋವರ, ಇನ್ನೊಂದು ಬದಿಗೆ ರೈನ್ ನದಿ, ನದಿಯಾಚೆ ಸ್ವಿಟ್ಜರ್ಲೆಂಡ್. ದೇಶದ ಉಳಿದ ಭಾಗಕ್ಕೂ ಇದಕ್ಕೂ ನಡುವೆ ಆರ್ಲ್‌ಬರ್ಗ್ ಪರ್ವತ ಅಡ್ಡ ಬಂದಿದೆ. 1884ರಲ್ಲಿ ರೈಲು ಸುರಂಗ ತೆರೆಯುವವರೆಗೂ ಚಳಿಗಾಲದಲ್ಲಿ ಹಿಮ ಬಿದ್ದರೆ ಆಚೆಗಿನ ದಾರಿಯೇ ಮುಚ್ಚುತ್ತಿತ್ತು. ಪ್ರಾಂತ್ಯದ ರಾಜಧಾನಿ ಬ್ರೆಗೆನ್ಜ್‌ನಿಂದ ವಿಯೆನ್ನಾ 600 ಕಿಲೋಮೀಟರಿಗೂ ದೂರ. ಜ್ಯೂರಿಕ್‌ಗೆ ಅದರ ಐದನೆಯ ಒಂದು ಪಾಲು. ಜನ ಮನೆಯಲ್ಲಿ ಆಡುವ ಜರ್ಮನ್ ಸಹ ವಿಯೆನ್ನಾದವರ ಮಾತಿಗಿಂತ ಸ್ವಿಸ್ಸರ ಮಾತಿಗೆ ಹತ್ತಿರ. ಚಕ್ರವರ್ತಿಗಳ ಕಾಲದಲ್ಲಿ ಇಲ್ಲಿಗೆ ಸ್ವಂತ ಶಾಸನಸಭೆ ಇತ್ತು, ಆದರೆ ಚಕ್ರವರ್ತಿಯ ಪ್ರತಿನಿಧಿ ಕೂರುತ್ತಿದ್ದುದು ಪಕ್ಕದ ಟಿರೋಲ್ ಪ್ರಾಂತ್ಯದ ಇನ್ಸ್‌ಬ್ರುಕ್‌ನಲ್ಲಿ. ಇಲ್ಲಿನವರಿಗೆ ವಿಯೆನ್ನಾದ ಮೇಲೆ ಎಷ್ಟು ಮುನಿಸಿತ್ತೋ ಇನ್ಸ್‌ಬ್ರುಕ್‌ನ ಮೇಲೆ ಅದಕ್ಕಿಂತ ಹೆಚ್ಚು. ನೆರೆಯವನ ಯಜಮಾನಿಕೆ ದೂರದ ದೊರೆಯದಕ್ಕಿಂತ ಹೆಚ್ಚು ಚುಚ್ಚುತ್ತದೆ.

ಎಂಡರ್ ಹುಟ್ಟಿದ್ದು 1875ರ ಡಿಸೆಂಬರ್ 24ರಂದು, ರೈನ್ ಬಯಲಿನ ಆಲ್ಟಾಖ್ ಗ್ರಾಮದಲ್ಲಿ. ಫೆಲ್ಡ್‌ಕಿರ್ಖ್‌ನ ಜೆಸ್ಯೂಟ್ ಪಾದ್ರಿಗಳ ಶಾಲೆಯಲ್ಲಿ ಓದಿ, ಕಾನೂನು ಕಲಿತು, 1901ರಲ್ಲಿ ಡಾಕ್ಟರೇಟ್ ಪಡೆದ. 1908ರಲ್ಲಿ ಬ್ರೆಗೆನ್ಜ್‌ನಲ್ಲಿ ಸ್ವಂತ ವಕೀಲಿ ಕಚೇರಿ ತೆರೆದ. ಮಹಾಯುದ್ಧದ ವರ್ಷಗಳಲ್ಲಿ ಪ್ರಾಂತ್ಯದ ಅಡಮಾನ ಬ್ಯಾಂಕಿನ ನಿರ್ದೇಶಕನೂ ಆಗಿದ್ದ. ಈ ಕೊನೆಯ ವಿವರವನ್ನು ಅವನ ಬಗ್ಗೆ ಬರೆಯುವವರು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಅದು ಮುಖ್ಯವಾಗಿ ಕಾಣುತ್ತದೆ. ಜಮೀನು, ಗಡಿ, ಋಣಭಾರ, ಹಕ್ಕುಪತ್ರ ಇವುಗಳ ನಡುವೆ ಬೆಳೆದ ಬುದ್ಧಿ ಅವನದು. ಮುಂದೆ ರಾಜಕೀಯದಲ್ಲಿ ಏನು ಮಾಡಿದರೂ ಕಾಗದ ಸರಿಯಾಗಿರಬೇಕು ಎಂಬ ಹಟ ಅವನನ್ನು ಬಿಡಲಿಲ್ಲ. ಪಕ್ಷ ಕ್ರಿಶ್ಚಿಯನ್ ಸೋಷಿಯಲ್, ಅಂದರೆ ಕ್ಯಾಥಲಿಕ್ ರೈತರ ಮತ್ತು ಊರಿನ ಸಣ್ಣ ಕಸುಬುದಾರರ ಪಕ್ಷ. ಫೋರಾರ್ಲ್‌ಬರ್ಗ್‌ನಲ್ಲಿ ಅದಕ್ಕೆ ಎದುರಾಳಿಗಳಿದ್ದರೂ ಸರಿಸಾಟಿ ಇರಲಿಲ್ಲ. ಆ ಪಕ್ಷದ 1926ರ ಕಾರ್ಯಕ್ರಮದಲ್ಲಿ ಯೆಹೂದಿ ವಿರೋಧ ಬಹಿರಂಗವಾಗಿಯೇ ಅಚ್ಚಾಗಿತ್ತು ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಎಂಡರ್‌ನನ್ನು ಆ ಪಕ್ಷದಿಂದ ಬೇರ್ಪಡಿಸಿ ಒಬ್ಬ ಸಜ್ಜನ ನ್ಯಾಯವಾದಿಯಾಗಿ ಮಾತ್ರ ನೋಡಲು ಬರುವುದಿಲ್ಲ.

1918ರ ನವೆಂಬರ್ 3ರಂದು ಇಟಲಿಯ ರಂಗದಲ್ಲಿ ಆಸ್ಟ್ರಿಯ-ಹಂಗೆರಿ ಕದನವಿರಾಮಕ್ಕೆ ಸಹಿ ಹಾಕಿತು. ಅದೇ ದಿನ ಬ್ರೆಗೆನ್ಜ್‌ನಲ್ಲಿ ಸೇರಿದ ತಾತ್ಕಾಲಿಕ ಪ್ರಾಂತೀಯ ಸಭೆ ಫೋರಾರ್ಲ್‌ಬರ್ಗ್ ಇನ್ನು ಮುಂದೆ ಸ್ವತಂತ್ರ ಪ್ರಾಂತ್ಯ, ಇನ್ಸ್‌ಬ್ರುಕ್‌ನ ಆಡಳಿತಕ್ಕೆ ಸೇರಿದ್ದಲ್ಲ ಎಂದು ಘೋಷಿಸಿತು. ಹೊಸ ಸರ್ಕಾರದ ತಲೆಯಾಳಾಗಿ ಬಂದವನು ಎಂಡರ್. ಆಗ ಅವನಿಗೆ 42 ವರ್ಷ. ಆ ಹುದ್ದೆಯ ಹೆಸರು ಲಾಂಡೆಸ್‌ಹಾಪ್ಟ್‌ಮನ್, ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ. ಚಾನ್ಸಲರ್ ಆದ ಕೆಲವು ತಿಂಗಳುಗಳನ್ನು ಬಿಟ್ಟರೆ 1934ರವರೆಗೂ ಆ ಕುರ್ಚಿ ಅವನದೇ.

ಆ ಚಳಿಗಾಲ ಹಸಿವಿನದು. ಸಾಮ್ರಾಜ್ಯ ಒಡೆದು ಧಾನ್ಯ ಬರುತ್ತಿದ್ದ ಹಾದಿಗಳು ಮುಚ್ಚಿದ್ದವು. ನದಿಯಾಚೆಯಿಂದ ಬಂದ ಆಹಾರ ನೆರವು ಜನರ ಕಣ್ಣಿಗೆ ಬಿದ್ದಿತ್ತು. ಲುಸ್ಟೆನಾವ್ ಊರಿನ ಶಾಲಾಮಾಸ್ತರ ಫರ್ಡಿನಾಂಡ್ ರೀಡ್‌ಮನ್ ಸ್ವಿಟ್ಜರ್ಲೆಂಡ್ ಸೇರೋಣ ಎಂಬ ಚಳವಳಿ ಕಟ್ಟಿ ಸಹಿ ಸಂಗ್ರಹ ಶುರುಮಾಡಿದ. ಅದು ಕಾಡ್ಗಿಚ್ಚಿನಂತೆ ಹಬ್ಬಿತು. 1919ರ ಮೇ 11ರಂದು ಜನಮತಗಣನೆ ನಡೆಯಿತು. ಶೇಕಡ 80ಕ್ಕೂ ಹೆಚ್ಚು ಮತಗಳು 'ಹೌದು' ಎಂದವು.

ಮತಪತ್ರದ ಪ್ರಶ್ನೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. 'ಸ್ವಿಟ್ಜರ್ಲೆಂಡ್ ಸೇರಬೇಕೇ?' ಎಂದು ಅಲ್ಲಿ ಕೇಳಿರಲಿಲ್ಲ. ಸ್ವಿಸ್ ಒಕ್ಕೂಟವನ್ನು ಸೇರುವ ಫೋರಾರ್ಲ್‌ಬರ್ಗ್ ಜನರ ಇರಾದೆಯನ್ನು ಪ್ರಾಂತ್ಯದ ಸರ್ಕಾರವು ಸ್ವಿಸ್ ಸರ್ಕಾರಕ್ಕೆ ತಿಳಿಸಿ ಮಾತುಕತೆ ಆರಂಭಿಸಬೇಕೆಂದು ಜನ ಬಯಸುತ್ತಾರೆಯೇ ಎಂಬುದು ಕೇಳಿದ ಪ್ರಶ್ನೆ. ಅಂದರೆ ಜನ ಕೊಟ್ಟದ್ದು ವಕಾಲತ್ತು, ತೀರ್ಪನ್ನಲ್ಲ. ಮಾತುಕತೆ ಮುರಿದುಬಿದ್ದರೂ ಸರ್ಕಾರಕ್ಕೆ ಮುಖಭಂಗವಿಲ್ಲ, ಕೈಗೂಡಿದರೆ ಕೀರ್ತಿ. ಬೀದಿಯ ಉತ್ಸಾಹವನ್ನು ವಕೀಲನ ಕರಡಿಗೆ ಇಳಿಸಿದ ಪರಿ ಇದು. ನನಗೆ ಎಂಡರ್‌ನ ಇಡೀ ರಾಜಕಾರಣ ಈ ಒಂದು ವಾಕ್ಯದಲ್ಲಿ ಕಾಣುತ್ತದೆ: ಎಲ್ಲಿಯೂ ಬಾಗಿಲು ಮುಚ್ಚದೆ, ಎಲ್ಲವನ್ನೂ ಬರಹದಲ್ಲಿ ಇಟ್ಟುಕೊಂಡು, ತನ್ನ ಕಕ್ಷಿದಾರನ ಚೌಕಾಸಿಯ ಬಲ ಹೆಚ್ಚಿಸುವುದು.

ಮಾತುಕತೆ ಕೈಗೂಡಲಿಲ್ಲ. ಸ್ವಿಸ್ ಸರ್ಕಾರದಲ್ಲಿ ಫೆಲಿಕ್ಸ್ ಕಲೋಂಡರ್‌ನಂಥವರಿಗೆ ಒಲವಿತ್ತು. ಆದರೆ ಜರ್ಮನ್ ಮಾತಾಡುವ ಕ್ಯಾಥಲಿಕರ ಇನ್ನೊಂದು ಪ್ರಾಂತ್ಯ ಒಳಗೆ ಬಂದರೆ ಭಾಷೆಯ ಮತ್ತು ಧರ್ಮದ ಸಮತೋಲ ಏರುಪೇರಾಗುತ್ತದೆ ಎಂಬ ಅಳುಕು ಫ್ರೆಂಚ್ ಭಾಷಿಕರಿಗೂ ಪ್ರಾಟೆಸ್ಟೆಂಟರಿಗೂ ಇತ್ತು. ಗೆದ್ದ ರಾಷ್ಟ್ರಗಳ ಚಿಂತೆ ಬೇರೆ. ಒಂದು ಇಟ್ಟಿಗೆ ಕಿತ್ತರೆ ಆಸ್ಟ್ರಿಯ ಪೂರ್ತಿ ಕುಸಿದು ಜರ್ಮನಿಯ ಮಡಿಲಿಗೆ ಬೀಳುತ್ತದೆ ಎಂಬುದು ಅವುಗಳ ಭಯ. ವಿಯೆನ್ನಾದ ಕಾರ್ಲ್ ರೆನ್ನರ್ ಸರ್ಕಾರವಂತೂ ಬಿಟ್ಟುಕೊಡಲು ತಯಾರಿರಲಿಲ್ಲ. 1919ರ ಸೆಪ್ಟೆಂಬರ್ 10ರ ಸೇಂಟ್ ಜರ್ಮೇನ್ ಶಾಂತಿ ಒಪ್ಪಂದ ಫೋರಾರ್ಲ್‌ಬರ್ಗ್ ಆಸ್ಟ್ರಿಯದಲ್ಲೇ ಉಳಿಯುವಂತೆ ಗೆರೆ ಎಳೆಯಿತು.

ಸೋತ ವ್ಯಾಜ್ಯದಿಂದಲೂ ಏನಾದರೂ ವಸೂಲಿ ಮಾಡಿಕೊಳ್ಳಬಲ್ಲವನೇ ಜಾಣ ವಕೀಲ. ಬಿಟ್ಟುಹೋಗಲು ಬಿಡಲಿಲ್ಲವಲ್ಲ, ಹಾಗಾದರೆ ಉಳಿಯುವ ಷರತ್ತುಗಳ ಬಗ್ಗೆ ಮಾತಾಡೋಣ ಎಂದು ಎಂಡರ್ ವಿಯೆನ್ನಾಕ್ಕೆ ಹೇಳತೊಡಗಿದ. 1920ರಲ್ಲಿ ಸಾಲ್ಜ್‌ಬರ್ಗ್ ಮತ್ತು ಲಿಂಜ್ ನಗರಗಳಲ್ಲಿ ಪ್ರಾಂತ್ಯಗಳ ಸಮಾವೇಶಗಳು ನಡೆದವು. ಕಾರ್ಮಿಕರ ಎಡಪಂಥೀಯ ಪಕ್ಷವಾದ ಸೋಷಿಯಲ್ ಡೆಮಾಕ್ರಾಟರಿಗೆ ಬಲವಾದ ಕೇಂದ್ರ ಬೇಕಿತ್ತು, ಪಶ್ಚಿಮದ ಕ್ಯಾಥಲಿಕ್ ಪ್ರಾಂತ್ಯಗಳಿಗೆ ಬಲವಾದ ಪ್ರಾಂತ್ಯ ಬೇಕಿತ್ತು. 1920ರ ಅಕ್ಟೋಬರ್ 1ರಂದು ಅಂಗೀಕಾರವಾದ, ಕಾನೂನು ಪಂಡಿತ ಹಾನ್ಸ್ ಕೆಲ್ಸೆನ್ ಕೈಯಾಡಿಸಿದ ಸಂವಿಧಾನ ಇವೆರಡರ ನಡುವಿನ ರಾಜಿ. ಪ್ರಾಂತ್ಯಗಳ ಮೇಲ್ಮನೆ ಹುಟ್ಟಿತು, ಆದರೆ ಅದಕ್ಕೆ ಮಸೂದೆಗಳನ್ನು ತಡಮಾಡುವ ಅಧಿಕಾರವಷ್ಟೇ. ಎಂಡರ್ ಬಯಸಿದ್ದಕ್ಕಿಂತ ಇದು ಕಡಿಮೆ. ಹೆಚ್ಚು ತೂಕದ್ದು ಇನ್ನೊಂದು ಏರ್ಪಾಡು: ಒಕ್ಕೂಟದ ಬಹುಪಾಲು ಕಾನೂನುಗಳನ್ನು ಪ್ರಾಂತ್ಯದಲ್ಲಿ ಜಾರಿಗೊಳಿಸುವವನು ಮುಖ್ಯಮಂತ್ರಿಯೇ. ಕಾನೂನು ವಿಯೆನ್ನಾದ್ದು, ಕೈ ಬ್ರೆಗೆನ್ಜ್‌ನದು. ಈ ಕೈಯನ್ನು ಎಂಡರ್ ಚೆನ್ನಾಗಿ ಬಳಸಿದ.

1920ರ ದಶಕದ ಅವನ ಆಡಳಿತವನ್ನು ವಿವರಿಸುತ್ತ ಕೂತರೆ ಗಜೆಟಿಯರ್ ಓದಿದಂತಾಗುತ್ತದೆ. ಎರಡು ಸಂಗತಿ ಸಾಕು. 1923ರಲ್ಲಿ ಪ್ರಾಂತ್ಯ ತನ್ನದೇ ಸಂವಿಧಾನ ಬರೆದುಕೊಂಡಿತು. 1924ರಲ್ಲಿ ಫೋರಾರ್ಲ್‌ಬರ್ಗರ್ ಇಲ್‌ವೆರ್ಕೆ ಎಂಬ ಜಲವಿದ್ಯುತ್ ಕಂಪನಿ ಹುಟ್ಟಿತು. ಮೊಂಟಾಫೋನ್ ಕಣಿವೆಯ ಇಲ್ ನದಿಯ ನೀರಿನಿಂದ ವಿದ್ಯುತ್ ತೆಗೆದು ನೈರುತ್ಯ ಜರ್ಮನಿಗೂ ರೂರ್ ಕೈಗಾರಿಕಾ ವಲಯಕ್ಕೂ ಮಾರುವ ಯೋಜನೆ ಅದು. ಮೊದಲ ದೊಡ್ಡ ಸ್ಥಾವರವಾದ ವೆರ್ಮುಂಟ್ 1930ರ ಹೊತ್ತಿಗೆ ಕೆಲಸ ಶುರುಮಾಡಿತು. ಕಲ್ಲಿದ್ದಲಿಲ್ಲದ ಪುಟ್ಟ ಪ್ರಾಂತ್ಯ ತನ್ನ ಮಳೆ ಮತ್ತು ಹಿಮವನ್ನು ಆಸ್ತಿಯಾಗಿ ಕಂಡಿತು. ಜರ್ಮನ್ ಕಂಪನಿಗಳ ಹಣವನ್ನು ಒಳಗೆ ಬಿಟ್ಟುಕೊಂಡರೂ ನೀರಿನ ಹಕ್ಕು ಪೂರ್ತಿ ಕೈತಪ್ಪದಂತೆ ನೋಡಿಕೊಂಡಿತು. ಅವನ ಸಾಧನೆಗಳಲ್ಲಿ ಇಂದಿಗೂ ಕರೆಂಟು ಕೊಡುತ್ತಿರುವುದು ಇದೊಂದೇ.

ಇನ್ನು ನೀವು ಓದಿದ ಬ್ಯಾಂಕಿನ ಕಥೆ. 1930ರ ನವೆಂಬರ್ 9ರ ಚುನಾವಣೆಯಲ್ಲಿ 165 ಸ್ಥಾನಗಳ ಪೈಕಿ ಸೋಷಿಯಲ್ ಡೆಮಾಕ್ರಾಟರಿಗೆ 72, ಕ್ರಿಶ್ಚಿಯನ್ ಸೋಷಿಯಲ್ ಪಕ್ಷಕ್ಕೆ 66 ಬಂದವು. ಹೈಮ್‌ವೆರ್ ಎಂಬ ಅರೆಸೈನಿಕ ಪಡೆಯವರನ್ನು ಸೇರಿಸಿಕೊಂಡಿದ್ದ ಹಿಂದಿನ ಸರ್ಕಾರ ಬಿದ್ದಿತ್ತು. ವಿಯೆನ್ನಾದ ಬಣಜಗಳಗಳಲ್ಲಿ ಕೈ ಕೊಳೆ ಮಾಡಿಕೊಳ್ಳದ, ಲೆಕ್ಕ ಬಲ್ಲ, ಹೊರಗಿನ ಮನುಷ್ಯ ಬೇಕಾಗಿದ್ದ. ಡಿಸೆಂಬರ್ 4ರಂದು ಎಂಡರ್ ಚಾನ್ಸಲರ್ ಆದ. ಹೈಮ್‌ವೆರ್ ಅನ್ನು ಸಂಪುಟದಿಂದ ಹೊರಗಿಟ್ಟ. ಮಾಜಿ ಚಾನ್ಸಲರ್ ಯೋಹಾನ್ ಶೋಬರ್‌ನನ್ನು ಉಪಚಾನ್ಸಲರ್ ಮತ್ತು ವಿದೇಶಾಂಗ ಸಚಿವನಾಗಿ ತೆಗೆದುಕೊಂಡ.

ಎರಡು ಪೆಟ್ಟುಗಳು ಬೆನ್ನುಬೆನ್ನಿಗೆ ಬಿದ್ದವು. 1931ರ ಮಾರ್ಚ್‌ನಲ್ಲಿ ಜರ್ಮನಿಯೊಂದಿಗೆ ಸುಂಕ ಒಕ್ಕೂಟ ಮಾಡಿಕೊಳ್ಳುವ ಯೋಜನೆ ಬಹಿರಂಗವಾಗಿ ಫ್ರಾನ್ಸ್ ಕೆಂಡಾಮಂಡಲವಾಯಿತು. ಇನ್ನೂ ಆ ಗಲಾಟೆ ತಣಿದಿರಲಿಲ್ಲ. ಮೇ 8ರಂದು ದೇಶದ ಅತಿ ದೊಡ್ಡ ಬ್ಯಾಂಕ್ ಕ್ರೆಡಿಟ್‌ಆನ್‌ಸ್ಟಾಲ್ಟ್ 14 ಕೋಟಿ ಶಿಲ್ಲಿಂಗ್ (ಆಗಿನ ಆಸ್ಟ್ರಿಯದ ನಾಣ್ಯ) ನಷ್ಟವಾಗಿದೆ ಎಂದು ಸರ್ಕಾರದ ಕಿವಿಯಲ್ಲಿ ಹೇಳಿತು. ಮೇ 11ರಂದು ಸುದ್ದಿ ಊರಿಗೆಲ್ಲ ಗೊತ್ತಾಯಿತು. ಸ್ವಿಟ್ಜರ್ಲೆಂಡ್ ಮತದಾನ ನಡೆದು ಸರಿಯಾಗಿ 12 ವರ್ಷ! 1855ರಲ್ಲಿ ರಾತ್‌ಶೀಲ್ಡ್ ಮನೆತನ ಕಟ್ಟಿದ ಈ ಬ್ಯಾಂಕ್ 1929ರಲ್ಲಿ ಮುಳುಗುತ್ತಿದ್ದ ಬೋಡೆನ್‌ಕ್ರೆಡಿಟ್ ಬ್ಯಾಂಕನ್ನು ಸರ್ಕಾರದ ಒತ್ತಾಯಕ್ಕೆ ಮಣಿದು ನುಂಗಿತ್ತು. ಅಲ್ಲಿಂದ ಅಜೀರ್ಣ ಶುರು. ಈ ವಿಲೀನಕ್ಕೆ ಎಂಡರ್ ಹೊಣೆಯಲ್ಲ, ಅದು ಶೋಬರ್ ಚಾನ್ಸಲರ್ ಆಗಿದ್ದಾಗ ನಡೆದದ್ದು. ತೆರಬೇಕಾದ ಬಿಲ್ ಮಾತ್ರ ಎಂಡರ್‌ನ ಕೈಗೆ ಬಂತು. ಸರ್ಕಾರ 10 ಕೋಟಿ ಶಿಲ್ಲಿಂಗ್ ಹಾಕಿತು, ರಾಷ್ಟ್ರೀಯ ಬ್ಯಾಂಕ್ ಮತ್ತು ರಾತ್‌ಶೀಲ್ಡರೂ ಪಾಲು ಕೊಟ್ಟರು. ಸಾಲದಾಯಿತು. ಠೇವಣಿ ವಾಪಸಿಗೆ ಜನ ಮುಗಿಬಿದ್ದರು. ವಿದೇಶಿ ಸಾಲದಾತರು ಬ್ಯಾಂಕಿನ ಸಾಲಕ್ಕೆ ಸರ್ಕಾರವೇ ಜಾಮೀನು ನಿಲ್ಲಬೇಕೆಂದು ಪಟ್ಟು ಹಿಡಿದರು. ಫ್ರಾನ್ಸ್ ಸಾಲಕ್ಕೆ ಪ್ರತಿಯಾಗಿ ಸುಂಕ ಒಕ್ಕೂಟ ಕೈಬಿಡಿ ಎಂದಿತು. ಕೊನೆಗೆ ಬ್ಯಾಂಕ್ ಆಫ್ ಇಂಗ್ಲೆಂಡ್ 15 ಕೋಟಿ ಶಿಲ್ಲಿಂಗ್ ಅಲ್ಪಾವಧಿ ಸಾಲ ಕೊಟ್ಟ ಹೊತ್ತಿಗೆ, ಜೂನ್ 16ರಂದು, ಜಾಮೀನಿನ ವಿಚಾರದಲ್ಲಿ ಸಂಪುಟ ಒಡೆದು ಎಂಡರ್ ರಾಜೀನಾಮೆ ಕೊಟ್ಟ. ಮಾಜಿ ಚಾನ್ಸಲರ್ ಇಗ್ನಾಜ್ ಜೈಪೆಲ್ ಸರ್ಕಾರ ರಚಿಸಲು ನೋಡಿ ಸೋತ. ಕುರ್ಚಿ ಹೋದದ್ದು ಕೆಳ ಆಸ್ಟ್ರಿಯದ ಮುಖ್ಯಮಂತ್ರಿ ಕಾರ್ಲ್ ಬುರೆಷ್‌ಗೆ. ಅವನೂ ವಕೀಲನೇ. ಸುಂಕ ಒಕ್ಕೂಟವನ್ನು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಸೆಪ್ಟೆಂಬರ್ 5ರಂದು ಏಳಕ್ಕೆ ಎಂಟು ಮತಗಳಿಂದ ಅಸಿಂಧು ಎಂದಿತು, ಅಷ್ಟರಲ್ಲಿ ಎರಡೂ ದೇಶಗಳು ಅದನ್ನು ಕೈಬಿಟ್ಟಾಗಿತ್ತು. ಎಂಡರ್ ಜುಲೈನಲ್ಲೇ ಬ್ರೆಗೆನ್ಜ್‌ನ ತನ್ನ ಹಳೆಯ ಕುರ್ಚಿಗೆ ಮರಳಿದ್ದ. ಆ ಆರು ತಿಂಗಳಿಗಾಗಿ ಅವನನ್ನು ದೂರುವವರಿದ್ದಾರೆ. ಆ ಜಾಗದಲ್ಲಿ ಯಾರಿದ್ದರೂ ಮುಳುಗುತ್ತಿದ್ದರು ಎಂದೇ ನನ್ನ ಎಣಿಕೆ.

ಅಲ್ಲಿಗೇ ನಿಲ್ಲಿಸಿದ್ದರೆ ಅವನು ಗೌರವದಿಂದ ನೆನೆಯುವ ಒಬ್ಬ ಪ್ರಾಂತೀಯ ನಾಯಕನಾಗಿ ಉಳಿಯುತ್ತಿದ್ದ.

1933ರ ಮಾರ್ಚ್ 4ರಂದು ರೈಲ್ವೆ ಮುಷ್ಕರದ ಚರ್ಚೆಯಲ್ಲಿ ಮತ ಎಣಿಕೆಯ ಜಗಳವೆದ್ದು ಸಂಸತ್ತಿನ ಕೆಳಮನೆಯ ಮೂವರೂ ಅಧ್ಯಕ್ಷರು ಒಬ್ಬರ ಹಿಂದೊಬ್ಬರು ರಾಜೀನಾಮೆ ಕೊಟ್ಟರು. ಸಭೆಯನ್ನು ಮುಗಿಸಲೂ ಯಾರೂ ಇಲ್ಲದಾಯಿತು. ಚಾನ್ಸಲರ್ ಎಂಗೆಲ್‌ಬರ್ಟ್ ಡಾಲ್‌ಫುಸ್ 'ಸಂಸತ್ತು ತನ್ನನ್ನು ತಾನೇ ಮುಚ್ಚಿಕೊಂಡಿತು' ಎಂದು ಸಾರಿ, ಮತ್ತೆ ಸೇರಲು ಬಂದ ಸದಸ್ಯರನ್ನು ಪೊಲೀಸರಿಂದ ತಡೆಸಿದ. ಆಳ್ವಿಕೆ ನಡೆಸಲು ಹಿಡಿದ ಆಯುಧ ಯುದ್ಧಕಾಲದ ಆಹಾರ ಮತ್ತು ಆರ್ಥಿಕ ವ್ಯವಸ್ಥೆಗೆಂದು 1917ರಲ್ಲಿ ಮಾಡಿದ್ದ ಒಂದು ಅಧಿಕಾರ ಕಾಯಿದೆ. ಮೇ ತಿಂಗಳಲ್ಲಿ ಸಂವಿಧಾನ ನ್ಯಾಯಾಲಯವನ್ನೂ ಸುಗ್ರೀವಾಜ್ಞೆಯಿಂದ ನಿಷ್ಕ್ರಿಯಗೊಳಿಸಲಾಯಿತು. ಇಷ್ಟೆಲ್ಲ ಆದ ಮೇಲೆ, ಜುಲೈನಲ್ಲಿ, ಎಂಡರ್ ಸಂವಿಧಾನ ಮತ್ತು ಆಡಳಿತ ಸುಧಾರಣೆಯ ಸಚಿವನಾಗಿ ಆ ಸಂಪುಟ ಸೇರಿದ. ಪ್ರಾಂತ್ಯದ ಮುಖ್ಯಮಂತ್ರಿ ಪದವಿಯನ್ನೂ ಬಿಡಲಿಲ್ಲ. ಏನಾಗಿದೆ ಎಂದು ತಿಳಿಯದೆ ಹೋದ ಎನ್ನಲು ಸಾಧ್ಯವಿಲ್ಲ, ಕಾನೂನು ಅವನ ಹೊಟ್ಟೆಪಾಡು.

1934ರ ಫೆಬ್ರುವರಿ 12ರಂದು ಸರ್ಕಾರಕ್ಕೂ ಸೋಷಿಯಲ್ ಡೆಮಾಕ್ರಾಟರಿಗೂ ನಡುವೆ ಅಂತರ್ಯುದ್ಧ ಸಿಡಿಯಿತು. ವಿಯೆನ್ನಾದ ಕಾರ್ಮಿಕರ ವಸತಿಗಳ ಮೇಲೆ ಫಿರಂಗಿ ಹಾರಿತು, ಸೋಷಿಯಲ್ ಡೆಮಾಕ್ರಾಟ್ ಪಕ್ಷ ನಿಷೇಧವಾಯಿತು, ಅದರ 72 ಸದಸ್ಯರ ಸ್ಥಾನಗಳು ರದ್ದಾದವು. ಎಂಡರ್‌ನ ಕರಡು ಸಿದ್ಧವಾಗುತ್ತಲೇ ಇತ್ತು. ಏಪ್ರಿಲ್ 24ರಂದು ಸುಗ್ರೀವಾಜ್ಞೆಯ ಮೂಲಕ ಹೊಸ ಸಂವಿಧಾನ ಹೊರಬಂತು. ಆದರೆ ಬರಿಯ ಸುಗ್ರೀವಾಜ್ಞೆಯಿಂದ ಸಂವಿಧಾನ ಬಂದರೆ ಕಾಗದ ಸರಿಯಾಗಿರುವುದಿಲ್ಲವಲ್ಲ! ಅದಕ್ಕೆ ಏಪ್ರಿಲ್ 30ರಂದು, ಒಂದು ವರ್ಷದಿಂದ ಬೀಗ ಹಾಕಿದ್ದ ಸಂಸತ್ತನ್ನು ಒಂದು ದಿನದ ಮಟ್ಟಿಗೆ ತೆರೆದರು. 165 ಸ್ಥಾನಗಳ ಮನೆಗೆ ಬಂದವರು 76 ಮಂದಿ. ಹಳೆಯ ಲೆಕ್ಕದಲ್ಲಿ ಕೋರಂಗೆ 83 ಜನ ಬೇಕು. 72 ಸ್ಥಾನಗಳನ್ನು ಮೊದಲೇ ಅಳಿಸಿದ್ದರಿಂದ ಲೆಕ್ಕ 93ಕ್ಕೆ ಇಳಿದು, ಬಂದಷ್ಟು ಜನ ಸಾಕಾದರು. ಇಬ್ಬರು ವಿರೋಧಿಸಿದರು, 74 ಜನ ಒಪ್ಪಿದರು. ಸಂವಿಧಾನದ ಸಮಗ್ರ ಬದಲಾವಣೆಗೆ ಜನಮತಗಣನೆ ಕಡ್ಡಾಯ ಎಂಬ 44ನೆಯ ವಿಧಿ ಇತ್ತು. ಅದನ್ನು ಪಕ್ಕಕ್ಕೆ ಸರಿಸಿದರು. 15 ವರ್ಷ ಹಿಂದೆ ಮಾತುಕತೆ ಶುರುಮಾಡುವುದಕ್ಕೂ ಜನರನ್ನು ಕೇಳಿದ್ದವನು ಈಗ ದೇಶದ ಮೂಲ ಕಾನೂನನ್ನು ಬದಲಿಸಲು ಕೇಳಲಿಲ್ಲ.

ಹೊಸ ಸಂವಿಧಾನ 1934ರ ಮೇ 1ರಂದು, ಕಾರ್ಮಿಕರ ದಿನದಂದೇ, ಜಾರಿಗೆ ಬಂತು. 1920ರ ಸಂವಿಧಾನದ ಮೊದಲ ವಿಧಿ, ಆಸ್ಟ್ರಿಯ ಒಂದು ಪ್ರಜಾಸತ್ತಾತ್ಮಕ ಗಣರಾಜ್ಯ, ಅದರ ಕಾನೂನು ಜನರಿಂದ ಹೊರಡುತ್ತದೆ ಎಂದಿತ್ತು. ಈಗ ಪೀಠಿಕೆಯಲ್ಲಿ ಎಲ್ಲ ಕಾನೂನೂ ಸರ್ವಶಕ್ತನಾದ ದೇವರಿಂದ ಹೊರಡುತ್ತದೆ ಎಂದು ಬಂತು. ಗಣರಾಜ್ಯ ಎಂಬ ಮಾತು ಹೋಯಿತು. ಪಕ್ಷಗಳ ಬದಲು ವೃತ್ತಿ ಸಮುದಾಯಗಳು, ಅಂದರೆ ಒಂದೊಂದು ಕಸುಬಿನವರ ಸಂಘಟನೆಗಳು, ಪೋಪರ 1931ರ ಪ್ರಬೋಧನ ಪತ್ರದ ಪ್ರೇರಣೆಯಿಂದ. ಮಸೂದೆಗಳ ಮೇಲೆ ಅಭಿಪ್ರಾಯ ಹೇಳಲು ನಾಲ್ಕು ಮಂಡಳಿಗಳು. ಅವುಗಳಿಂದ ಆರಿಸಿದ 59 ಜನರ ಸಭೆ ಮಸೂದೆಗೆ ಹೌದು ಅಥವಾ ಇಲ್ಲ ಎನ್ನಬಹುದು, ತಿದ್ದುಪಡಿ ಸೂಚಿಸುವಂತಿಲ್ಲ. ವೃತ್ತಿ ಸಮುದಾಯಗಳು ಏಳು ಆಗಬೇಕಿತ್ತು. ನಿಜವಾಗಿ ಕಟ್ಟಲಾದದ್ದು ಎರಡೇ, ಕೃಷಿಯದು ಮತ್ತು ಸರ್ಕಾರಿ ನೌಕರರದು.

ಈಗ ನಿಮ್ಮ ಒಕ್ಕೂಟವಾದಿಯನ್ನು ಹುಡುಕೋಣ. ದೇಶದ ಹೊಸ ಹೆಸರು 'ಒಕ್ಕೂಟ ರಾಜ್ಯ ಆಸ್ಟ್ರಿಯ'. ನಾಲ್ಕು ಮಂಡಳಿಗಳಲ್ಲಿ ಒಂದು ಪ್ರಾಂತ್ಯಗಳದು. ಕೇಳಲು ಚೆನ್ನ. ಒಳಗೆ ನೋಡಿದರೆ, ಪ್ರಾಂತ್ಯದ ಶಾಸನಸಭೆ ಮೂರು ಹೆಸರು ಸೂಚಿಸಬೇಕು, ಮುಖ್ಯಮಂತ್ರಿಯನ್ನು ಅವರಲ್ಲಿ ಆರಿಸಿ ನೇಮಿಸುವವನು ಒಕ್ಕೂಟದ ಅಧ್ಯಕ್ಷ. ಪ್ರಾಂತ್ಯದ ಕಾನೂನುಗಳಿಗೆ ಚಾನ್ಸಲರನ ಒಪ್ಪಿಗೆ ಬೇಕು. 1919ರಲ್ಲಿ ಬ್ರೆಗೆನ್ಜ್ ಯಾರ ಅಪ್ಪಣೆಗೂ ಕಾಯಬಾರದು ಎಂದು ವಾದಿಸಿದವನ ಕೈಬರಹದಲ್ಲೇ ಬ್ರೆಗೆನ್ಜ್ ವಿಯೆನ್ನಾದ ಅಪ್ಪಣೆಗೆ ಕಾಯುವಂತಾಯಿತು. ಇದನ್ನು ದ್ರೋಹ ಎನ್ನುವವರಿದ್ದಾರೆ. ನನ್ನ ಓದು ಬೇರೆ. ಎಂಡರ್ ಕಾಯುತ್ತಿದ್ದ ಪ್ರಾಂತ್ಯ ಎಂದರೆ ಕ್ಯಾಥಲಿಕ್ ಹಳ್ಳಿ, ರೈತ, ಪಾದ್ರಿ, ಸ್ಥಳೀಯ ಹಿರಿಯರ ಪ್ರಾಂತ್ಯ. ಅವನ ಪಾಲಿಗೆ ಶತ್ರು ಎಂದರೆ ಕೆಂಪು ವಿಯೆನ್ನಾ, ಅಂದರೆ ಸೋಷಿಯಲ್ ಡೆಮಾಕ್ರಾಟರ ಹಿಡಿತದಲ್ಲಿದ್ದ ರಾಜಧಾನಿ. ಆ ವಿಯೆನ್ನಾವನ್ನು ಫಿರಂಗಿಯಿಂದ ಅಡಗಿಸಿದ ಮೇಲೆ, ಕೇಂದ್ರ ಸರ್ಕಾರ ತನ್ನವರ ಕೈಯಲ್ಲೇ ಇರುವಾಗ, ಪ್ರಾಂತ್ಯಕ್ಕೆ ಬೇಲಿಯ ಅಗತ್ಯ ಅವನಿಗೆ ಅಷ್ಟಾಗಿ ಕಾಣಲಿಲ್ಲ. ಪ್ರಾಂತ್ಯದ ಒಳಗಿನ ವಿರೋಧಿಗೂ ಹಕ್ಕಿದೆ ಎಂಬುದು ಅವನ ಒಕ್ಕೂಟವಾದದಲ್ಲಿ ಮೊದಲಿನಿಂದಲೂ ದುರ್ಬಲವಾಗಿತ್ತು. 1934 ಅದನ್ನು ಬಯಲಿಗೆ ತಂದಿತು, ಅಷ್ಟೆ.

ಡಾಲ್‌ಫುಸ್‌ನನ್ನು ಅದೇ ಜುಲೈನಲ್ಲಿ ನಾಜಿಗಳು ಕೊಂದರು. ಎಂಡರ್ ಲೆಕ್ಕಪರಿಶೋಧನಾ ನ್ಯಾಯಾಲಯದ ಅಧ್ಯಕ್ಷನಾಗಿ ಹೋದ. ಅವನ ಸ್ವಭಾವಕ್ಕೆ ಇಷ್ಟು ಒಪ್ಪುವ ಹುದ್ದೆ ಇನ್ನೊಂದಿರಲಿಲ್ಲ. 1938ರ ಮಾರ್ಚ್‌ನಲ್ಲಿ ಹಿಟ್ಲರ್‌ನ ಸೇನೆ ಒಳಬಂದಾಗ ಹುದ್ದೆ ಹೋಯಿತು, ಬಂಧನವಾಯಿತು, ಕೆಲವು ತಿಂಗಳು ಸೆರೆಯಲ್ಲಿದ್ದ. ಬಿಡುಗಡೆಯಾದ ಮೇಲೂ ಫೋರಾರ್ಲ್‌ಬರ್ಗ್‌ಗೆ ಕಾಲಿಡಲು ಬಿಡಲಿಲ್ಲ. ಯುದ್ಧ ಮುಗಿಯುವವರೆಗೆ ಅವನು ಬದುಕಿದ್ದು ತನ್ನ ಜೀವಮಾನವಿಡೀ ಅನುಮಾನದಿಂದ ನೋಡಿದ್ದ ವಿಯೆನ್ನಾದಲ್ಲಿ. ನಾಜಿಗಳಿಗೆ ಅವನು ಶತ್ರುವಾಗಿದ್ದ ಎಂಬುದು ನಿಜ. ಅದರಿಂದ 1934ರ ಕಡತ ಮುಚ್ಚಿಹೋಗುವುದಿಲ್ಲ. ಯುದ್ಧದ ನಂತರ ಪ್ರಾಂತ್ಯದ ಚುಕ್ಕಾಣಿ ಉಲ್ರಿಚ್ ಇಲ್ಗ್ ಎಂಬ ರೈತನ ಕೈಗೆ ಹೋಯಿತು. ಎಂಡರ್ 1960ರ ಜೂನ್ 25ರಂದು ಬ್ರೆಗೆನ್ಜ್‌ನಲ್ಲಿ ತೀರಿಕೊಂಡ.

ಅವನ ಸಂವಿಧಾನ ಅದಕ್ಕಿಂತ ಬಹಳ ಮೊದಲೇ ಸತ್ತಿತ್ತು. 1938ರಲ್ಲಿ ಆಸ್ಟ್ರಿಯ ಜರ್ಮನಿಯೊಳಗೆ ಕರಗಿದಾಗ ಅದಕ್ಕೆ ಅರ್ಥ ಉಳಿಯಲಿಲ್ಲ. 1945ರಲ್ಲಿ ಅದನ್ನು ಎಬ್ಬಿಸಬೇಕೆಂದು ಯಾವ ದೊಡ್ಡ ಪಕ್ಷವೂ ಕೇಳಲಿಲ್ಲ. ರೆನ್ನರ್‌ನ ತಾತ್ಕಾಲಿಕ ಸರ್ಕಾರ ಒಂದು ಸಂವಿಧಾನ ಪುನಃಸ್ಥಾಪನಾ ಕಾನೂನು ಮಾಡಿ, 1920ರ ಸಂವಿಧಾನವನ್ನು 1929ರ ತಿದ್ದುಪಡಿಯೊಂದಿಗೆ ಮತ್ತೆ ಜಾರಿಗೆ ತಂದಿತು, ಅದೂ 1933ರ ಮಾರ್ಚ್ 5ರಂದು ಇದ್ದ ಸ್ಥಿತಿಯಲ್ಲಿ, ಅಂದರೆ ಸಂಸತ್ತು ಮುಚ್ಚಿದ ಮರುದಿನದ್ದು. ಆ ಕಾನೂನಿನ ದಿನಾಂಕ 1945ರ ಮೇ 1. ಇವತ್ತಿನ ಆಸ್ಟ್ರಿಯದಲ್ಲಿ ನಡೆಯುತ್ತಿರುವುದು ಅದೇ ಹಳೆಯ ಸಂವಿಧಾನ, ನಂತರದ ನೂರಾರು ತಿದ್ದುಪಡಿಗಳೊಂದಿಗೆ. ಒಕ್ಕೂಟದ ಕಾನೂನನ್ನು ಪ್ರಾಂತ್ಯದಲ್ಲಿ ಜಾರಿಗೊಳಿಸುವ ಮುಖ್ಯಮಂತ್ರಿಯ ಆ ಅಧಿಕಾರವೂ ಅದರಲ್ಲಿ ಹಾಗೆಯೇ ಇದೆ.